ಕಣ್ಣಿಗೊತ್ತಿಕೊಂಡ ರಿವಾಲ್ವರ್

ಅಮೆರಿಕದ ಹಿಲ್ಸ್‌ಬರೋ ಊರಲ್ಲಿ ಅಲ್ಲಿನ ಹಿರಿಯರೊಬ್ಬರ ಮನೆಗೆ ಹೀಟರ್ ರಿಪೇರಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ತಾವು ಕೂಡಿಟ್ಟ ಹಳೆಯ ರಿವಾಲ್ವರುಗಳನ್ನು ತೋರಿಸಿದರು. "ಇದು ನೂರೈವತ್ತು ವರ್ಷದ ಹಿಂದೆ ಸೈನ್ಯಕ್ಕೆಂದು ಗುತ್ತಿಗೆಯಲ್ಲಿ ಮಾಡಿದ್ದು. ಹಿಡಿಯ ಮೇಲಿನ ಸರ್ಕಾರಿ ಮುದ್ರೆ ನೋಡು. ನಿನ್ನೆಯಷ್ಟೇ ಸಿಕ್ಕಿತು," ಎಂದು ಒಂದನ್ನು ಕೊಟ್ಟರು. ಹಿರಿಯರು ಕೊಟ್ಟದ್ದಲ್ಲವೇ, ಎರಡೂ ಕೈಯಲ್ಲಿ ತೆಗೆದುಕೊಂಡು ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡೆ.

"ಅಲುಗಾಡಬೇಡ!" ಅವರ ಮುಖ ಬಿಳಿಚಿಕೊಂಡಿತು. "ಒಳಗೆ ಮದ್ದಿದೆಯೋ ಏನೋ, ನಾನಿನ್ನೂ ನೋಡಿಲ್ಲ."

ತಣ್ಣನೆಯ ನಳಿಗೆ ಹುಬ್ಬಿಗೆ ತಾಗಿತ್ತು. ಅವರು ಮೆಲ್ಲಗೆ ಬಿಡಿಸಿಕೊಂಡು, ಗುಂಡು ತುಂಬುವ ತೂತುಗಳಿಗೆ ಒಂದೊಂದಾಗಿ ಕಡ್ಡಿ ಹಾಕಿ ನೋಡಿದರು. ಒಂದು ತೂತಿನಲ್ಲಿ ಗುಂಡು ಹಾಗೇ ಕೂತಿತ್ತು.

"ಬುದ್ಧಿ ನೆಟ್ಟಗಿದೆಯಾ ನಿನಗೆ? ಯಾಕೆ ಹಣೆಗಿಟ್ಟುಕೊಂಡೆ?"

"ನಮ್ಮಲ್ಲಿ ಅದು ಮರ್ಯಾದೆ, ಸರ್," ಎಂದೆ.

ಆಮೇಲೆ ಕಾಫಿಯನ್ನು ಅವರು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.