ಕಂಬಕ್ಕೆ ಒರಗದವರು

ಅವರ ಎರಡೂ ಕೈಗಳ ಕಿರುಬೆರಳುಗಳು ಹೊರಕ್ಕೆ ಸೊಟ್ಟಗಾಗಿದ್ದವು. ಎಡಗೈಯ ಉಂಗುರದ ಬೆರಳು ಮಡಚುತ್ತಲೇ ಇರಲಿಲ್ಲ. ಚಹಾ ಕಪ್ಪಿನ ಹಿಡಿಯೊಳಗೆ ಬೆರಳು ತೂರದ ಕಾರಣ ಅದನ್ನು ಎರಡು ಅಂಗೈಗಳ ನಡುವೆ, ಚೆಂಡು ಹಿಡಿದಂತೆ, ಎದೆಗೆ ಹತ್ತಿರ ಹಿಡಿದು ಕುಡಿಯುತ್ತಿದ್ದರು. ಒಂದು ಕಾಲದಲ್ಲಿ ಸ್ಪೇನಿನಲ್ಲಿ ಗೋಲ್‌ಕೀಪರ್ ಆಗಿದ್ದವರು, ನಾನು ಕಂಡಾಗ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ಒಂದು ಪಾರ್ಕಿನಲ್ಲಿ ಹೆಂಗಸರ ಕೊನೆಯ ದರ್ಜೆಯ ತಂಡಕ್ಕೆ ಆಟ ಕಲಿಸುತ್ತಿದ್ದರು. ನಾವೆಲ್ಲ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದೆವು.

ನಾನು ಆ ತಂಡ ಸೇರಿದ್ದು ಆಟದ ಮೋಹದಿಂದಲ್ಲ. ಓದು ಮುಗಿಸಿ, ನೀರಿನ ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದೆ. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಹೇಳುವ ಥ್ಯಾಂಕ್ಸ್ ಬಿಟ್ಟರೆ ಸಂಜೆಯವರೆಗೂ ಮಾತೇ ಆಡದ ದಿನಗಳಿದ್ದವು. ಅದು ಕಷ್ಟವೆನಿಸುತ್ತಿರಲಿಲ್ಲ. ಕಷ್ಟವೆನಿಸುತ್ತಿಲ್ಲವಲ್ಲ ಎಂಬುದೇ ಒಂದು ಭಾನುವಾರ ನನ್ನನ್ನು ಹೆದರಿಸಿತು. ಆ ಮಂಗಳವಾರ ಪಾರ್ಕಿಗೆ ಹೋದೆ.

"ಫುಟ್‌ಬಾಲ್ ಆಡಿದ್ದೀಯಾ?"

"ಇಲ್ಲ. ಮೈಸೂರಲ್ಲಿ ಕಾಲೇಜಿನ ತಂಡಕ್ಕೆ ಥ್ರೋಬಾಲ್ ಆಡ್ತಿದ್ದೆ."

ಅಂಥದೊಂದು ಆಟವಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಚೆಂಡನ್ನು ನನ್ನತ್ತ ಬಲವಾಗಿ ಎಸೆದರು. ಹಿಡಿದೆ. ಇನ್ನೂ ಬಲವಾಗಿ ಎಸೆದರು. ಅದನ್ನೂ ಹಿಡಿದೆ. "ಈ ಕೈಗಳು ಇಷ್ಟು ದಿನ ಎಲ್ಲಿದ್ದವು?" ಎಂದು ತಮ್ಮ ಗ್ಲೌಸ್ ಬಿಚ್ಚಿ ಕೊಟ್ಟರು. ನಮ್ಮಿಬ್ಬರ ನಡುವೆ ಇದ್ದದ್ದು ಎರವಲು ಇಂಗ್ಲಿಷ್. ಅವರದು ತುಂಡು ತುಂಡು, ನನ್ನದು ಪುಸ್ತಕದ್ದು.

ಗೋಲ್‌ಕೀಪರಿಗೆ ಅವರು ವಿಧಿಸಿದ್ದು ಎರಡೇ ನಿಯಮ. ಮೊದಲನೆಯದು, ಗೋಲಿನ ಕಂಬಕ್ಕೆ ಒರಗಬಾರದು. "ಚೆಂಡು ಆ ತುದಿಯಲ್ಲಿದ್ದಾಗ ನೀನು ಒಬ್ಬಳೇ. ಆಗ ಕಂಬ ಬಾ ಬಾ ಅನ್ನುತ್ತೆ. ಹೋಗಬೇಡ. ಒರಗಿದವರು ಅರ್ಧ ಮನೆಗೆ ಹೋದ ಹಾಗೆ." ಎರಡನೆಯದು, ಕೂಗಬೇಕು. ಚೆಂಡು ತನಗೇ ಬೇಕು ಎಂದು ಗೋಲ್‌ಕೀಪರ್ ಕೂಗಿ ಹೇಳಿದರೆ ಮಾತ್ರ ಮುಂದಿರುವವರು ದಾರಿ ಬಿಡುತ್ತಾರೆ.

ಮೊದಲನೆಯದನ್ನು ಪಾಲಿಸಿದೆ. ಎರಡನೆಯದು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. "ಕೀಪರ್" ಎಂದು ಒಂದು ಮಾತು ಕೂಗಿದರೆ ಸಾಕಿತ್ತು. ನನ್ನ ಬಾಯಿಂದ ಅದು ಗ್ರಂಥಾಲಯದಲ್ಲಿ ಪುಸ್ತಕ ಕೇಳಿದಂತೆ ಬರುತ್ತಿತ್ತು.

ಮೂರನೆಯ ಪಂದ್ಯದಲ್ಲಿ ಆಗಬೇಕಾದ್ದು ಆಯಿತು. ಎತ್ತರದಿಂದ ಬಂದ ಚೆಂಡಿಗೆ ನಾನು ಓಡಿದೆ. ನಮ್ಮ ಡಿಫೆಂಡರ್, ಪೊರಿರುವಾ ಎಂಬ ಊರಿಂದ ಬಂದು ಇಲ್ಲಿ ನರ್ಸ್ ಆಗಿದ್ದವಳು, ಬೆನ್ನು ಹಾಕಿಕೊಂಡೇ ಹಿಂದಕ್ಕೆ ಓಡಿಬಂದಳು. ನನಗೆ ಅವಳು ಕಾಣುತ್ತಿದ್ದಳು. ಅವಳಿಗೆ ನಾನು ಕಾಣುತ್ತಿರಲಿಲ್ಲ. ನಾನು ಕೂಗಲಿಲ್ಲ. ಡಿಕ್ಕಿಯಲ್ಲಿ ಅವಳ ಭುಜದ ಎಲುಬು ಮುರಿಯಿತು.

ಎರಡು ವಾರ ಪಾರ್ಕಿನ ಕಡೆ ಹೋಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ, ಧಾರವಾಡದವಳಾದ ನನ್ನ ಫ್ಲಾಟ್‌ಮೇಟ್ ಬಾಗಿಲು ತೆರೆದು ಒಳಗೆ ಕೂಗಿದಳು: "ಏ ಇಕಿ, ನಿಮ್ಮ ಕೋಚ್ ಬಂದಾರ ನೋಡ. ಮಳಿಯಾಗ ನೆನದು ತೊಪ್ಪಿ ಆಗ್ಯಾರ. ಒಳಗ ಕರಿಯೂದೋ, ಇಲ್ಲಾ ನೀ ಮನಿಯಾಗಿಲ್ಲ ಅಂತ ಸುಳ್ಳು ಹೇಳೂದೋ?"

ಕೇಳಿದ್ದು ಅವರ ಎದುರಿಗೇ ನಿಂತು. ಕನ್ನಡ ಬಾರದಿದ್ದರೂ ಅವರಿಗೆ ಅರ್ಥವಾದಂತಿತ್ತು, ನಕ್ಕರು.

ಅಡುಗೆಮನೆಯ ಮೇಜಿನ ಮುಂದೆ ಕೂತು, ಫ್ಲಾಟ್‌ಮೇಟ್ ಕೊಟ್ಟ ಚಹಾವನ್ನು ಅಂಗೈಗಳ ನಡುವೆ ಹಿಡಿದು, ತಮ್ಮ ಕಥೆ ಹೇಳಿದರು. ಹನ್ನೊಂದು ವರ್ಷ ಎರಡನೇ ದರ್ಜೆಯ ಕ್ಲಬ್ಬಿನಲ್ಲಿ ಎರಡನೇ ಗೋಲ್‌ಕೀಪರ್. ಅಂದರೆ ಹನ್ನೊಂದು ವರ್ಷ ಮೈದಾನದ ಹೊರಗೆ, ಬೆಂಚಿನ ಮೇಲೆ. "ಆಡಿದ ಪಂದ್ಯ ಎಣಿಸೋಕೆ ಬೆರಳು ಸಾಕು. ಅದರಲ್ಲೂ ನೆಟ್ಟಗಿರೋವು ಸಾಕು." ಮೊದಲನೆಯವನಿಗೆ ಗಾಯವಾದ ಒಂದು ದಿನ ತುಂಬಿದ ಮೈದಾನದಲ್ಲಿ ಇವರನ್ನು ಇಳಿಸಿದರು. ಎತ್ತರದಿಂದ ಚೆಂಡು ಬಂತು. ಮುಂದೆ ಇದ್ದವನು ಹದಿನಾರರ ವಯಸ್ಸಿನಿಂದ ಜೊತೆಗಿದ್ದ ಗೆಳೆಯ.

"ಅವನು ನನ್ನನ್ನ ನೋಡಿದ್ದಾನೆ ಅಂದ್ಕೊಂಡೆ. ಕೂಗಲಿಲ್ಲ. ಅವನ ಕಾಲು ಮುರೀತು. ಮತ್ತೆ ಅವನು ಆಡಲೇ ಇಲ್ಲ."

ಆಮೇಲೆ ಅವರೂ ಹೆಚ್ಚು ದಿನ ಆಡಲಿಲ್ಲ. ಗೋಲ್‌ಕೀಪರುಗಳಿಗೆ ತರಬೇತಿ ಕೊಡತೊಡಗಿದರು. ನ್ಯೂಜಿಲೆಂಡಿನವಳನ್ನು ಮದುವೆಯಾಗಿ ಇಲ್ಲಿಗೆ ಬಂದರು, ಗಂಡಸರ ದೊಡ್ಡ ತಂಡಗಳಿಗೆ ಕೋಚ್ ಆದರು. ಹೆಂಡತಿ ತೀರಿಕೊಂಡರು. ಲ್ಯಾಪ್‌ಟಾಪ್ ಹಿಡಿದ ಎಳೆಯ ಕೋಚುಗಳು ಬಂದ ಹಾಗೆ ತಂಡಗಳು ಚಿಕ್ಕವಾಗುತ್ತ ಹೋಗಿ, ಕೊನೆಗೆ ನಾವು ಉಳಿದೆವು. ಇದನ್ನೆಲ್ಲ ಹವಾಮಾನ ಹೇಳುವಂತೆ ಹೇಳಿದರು.

"ನಿನ್ನ ಭಾಷೇಲಿ 'ಇದು ನನಗೆ ಸೇರಿದ್ದು' ಅನ್ನೋಕೆ ಏನಂತೀರಿ?"

"ನಂದು."

"ಜೋರಾಗಿ."

ಒಳಗಿನ ಕೋಣೆಯಿಂದ ಫ್ಲಾಟ್‌ಮೇಟ್ ಉತ್ತರಿಸಿದಳು: "ಅಯ್ಯ, ನಿಂದs ಅಂತ ಗೊತ್ತಾತು, ತಗೊಳವಾ!"

ಮುಂದಿನ ಮಂಗಳವಾರ ಕೋಚ್ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಈ ಹುಡುಗಿ "ನಂದು" ಎಂದರೆ ಎಲ್ಲರೂ ದೂರ ಸರಿಯಬೇಕು ಎಂದು ಕಲಿಸಿದರು. ಹದಿನೈದು ಹೆಂಗಸರು ಮಳೆಯಲ್ಲಿ ನಿಂತು ಆ ಮಾತನ್ನು ಹೇಳಿ ಅಭ್ಯಾಸ ಮಾಡಿದರು. ಎಂಟು ವಾರದ ಮೇಲೆ ನರ್ಸ್ ಮರಳಿ ಬಂದಳು. "ಏಯ್, ಈ ಸಲ ಬಾಯಿ ಬಿಡ್ತೀಯಾ, ಇಲ್ಲಾ ನನ್ನ ಇನ್ನೊಂದು ಭುಜಾನೂ ಬೇಕಾ?" ಎಂದಳು. ಆ ದಿನ ನಾನು ಕೂಗಿದ್ದು ಪಕ್ಕದ ಮೈದಾನದ ಆಟವನ್ನು ಒಂದು ಗಳಿಗೆ ನಿಲ್ಲಿಸಿತು. ಕೋಚ್ ಚಪ್ಪಾಳೆ ತಟ್ಟಲಿಲ್ಲ. ಸೊಟ್ಟ ಬೆರಳನ್ನು ಒಂದು ಸಲ ಎತ್ತಿ ಇಳಿಸಿದರು, ಅಷ್ಟೆ.

ಮರುವರ್ಷ ಚಳಿ ಶುರುವಾಗುವ ಹೊತ್ತಿಗೆ, ತರಬೇತಿಯ ನಡುವೆ ಅವರು ಗೋಲಿನ ಕಂಬಕ್ಕೆ ಒರಗಿ ನಿಂತಿದ್ದನ್ನು ಕಂಡೆ. ನಾನು ನೋಡಿದೆನೆಂದು ತಿಳಿದು ನೆಟ್ಟಗಾದರು. ಮುಂದಿನ ವಾರವೂ ಒರಗಿದ್ದರು. ಏನಾದರೂ ಆಗಿದೆಯೇ ಎಂದು ಕೇಳಬೇಕಿತ್ತು. ನನ್ನನ್ನು ಯಾರಾದರೂ ಹಾಗೆ ಕೇಳಿದರೆ ನನಗೆ ಇಷ್ಟವಾಗುವುದಿಲ್ಲ. ಅವರಿಗೂ ಆಗಲಾರದು ಎಂದುಕೊಂಡೆ. ಡಾಕ್ಟರಿಗೆ ತೋರಿಸಿಯೇ ಇರುತ್ತಾರೆ ಎಂದುಕೊಂಡೆ. ಹೀಗೆ ಅಂದುಕೊಳ್ಳುತ್ತಲೇ ಐದು ವಾರ ಕಳೆದವು. ಆರನೆಯ ವಾರ ಅವರು ಬರಲಿಲ್ಲ. ಅಡುಗೆಮನೆಯಲ್ಲಿ ಬಿದ್ದಿದ್ದವರನ್ನು ಪಕ್ಕದ ಮನೆಯವರು ನೋಡಿ ಆಂಬುಲೆನ್ಸ್ ಕರೆಸಿದ್ದರು. ಹೊಟ್ಟೆಯಲ್ಲಿ ಕ್ಯಾನ್ಸರ್, ಬಹಳ ಮುಂದುವರಿದಿತ್ತು. ತಿಂಗಳುಗಟ್ಟಲೆ ನೋವಿದ್ದಿರಬೇಕು, ಯಾರಿಗೂ ಹೇಳಿಲ್ಲ ಎಂದು ನಮ್ಮ ತಂಡದ ನರ್ಸ್ ನನಗೆ ಹೇಳಿದಳು. ಮೊದಲೇ ಡಾಕ್ಟರ ಬಳಿ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಕೇಳಲಿಲ್ಲ.

ಆಸ್ಪತ್ರೆಗೆ ಒಬ್ಬಳೇ ಹೋದೆ. ಅವರ ಕೈಗಳಲ್ಲಿ ಬಲವಿರಲಿಲ್ಲ. ನೀರಿನ ಲೋಟವನ್ನು ಅವರ ಅಂಗೈಗಳ ನಡುವೆ ಇಟ್ಟು, ಹೊರಗಿನಿಂದ ನನ್ನ ಕೈಗಳನ್ನು ಸುತ್ತಿ ಹಿಡಿದೆ. ಕುಡಿದಾದ ಮೇಲೆ ಹೇಳಿದೆ:

"ನೀವು ಕಂಬಕ್ಕೆ ಒರಗಿದ್ದನ್ನ ನಾನು ನೋಡಿದ್ದೆ, ಕೋಚ್."

"ಗೊತ್ತು. ನೀನು ನೋಡಿದ್ದನ್ನ ನಾನೂ ನೋಡಿದೆ." ಲೋಟವನ್ನು ನನ್ನ ಕೈಗೆ ಬಿಟ್ಟರು. "ಇಬ್ಬರು ಗೋಲ್‌ಕೀಪರ್. ಇಬ್ಬರೂ ಕೂಗಲಿಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಸಮಾಧಾನವೂ ಇರಲಿಲ್ಲ. ನಾಲ್ಕು ದಿನಕ್ಕೆ ತೀರಿಕೊಂಡರು. ಸ್ಪೇನಿನಿಂದ ಯಾರಿಗೂ ಬರಲಾಗಲಿಲ್ಲ. ಶವಪೆಟ್ಟಿಗೆ ಹೊರಲು ನಮ್ಮ ತಂಡದಿಂದಲೇ ಆರು ಜನ ನಿಂತೆವು.

ನಾನು ಇನ್ನೂ ಅದೇ ಗೋಲಿನಲ್ಲಿ ನಿಲ್ಲುತ್ತೇನೆ. ಚೆಂಡು ಆ ತುದಿಯಲ್ಲಿದ್ದಾಗ ಕಂಬ ಬಾ ಬಾ ಅನ್ನುತ್ತದೆ, ನಿಜ. ಪಂದ್ಯಕ್ಕೆ ಮೊದಲು ಅಲ್ಲಿ ಯಾರಾದರೂ ಒರಗಿ ನಿಂತಿದ್ದು ಕಂಡರೆ, ಅವರು ಎದುರು ತಂಡದವರೇ ಆಗಿರಲಿ, ಹತ್ತಿರ ಹೋಗಿ ಹುಷಾರಾಗಿದ್ದೀರಾ ಎಂದು ಕೇಳುತ್ತೇನೆ. ಹೆಚ್ಚಿನ ಸಲ ಅವರು ಶೂಸಿನ ಲೇಸು ಬಿಗಿದುಕೊಳ್ಳುತ್ತಿರುತ್ತಾರೆ, ಅಷ್ಟೆ. ನನ್ನ ಮುಖ ನೋಡಿ ನಗುತ್ತಾರೆ. ನಗಲಿ.