ಖಾಲಿ ಹಣಿ ಮತ್ತು ಪೆನ್ ಡ್ರೈವ್

ಗೊಳಸಂಗಿ ಕಡೆಯ ಒಂದು ಸಾಲಿಯ ಕಂಪ್ಯೂಟರ್ ಮುಂಜಾನೆಯಿಂದ ಚಾಲೂ ಆಗದೆ ಕೂತಿತ್ತು. ಎಸ್ಸೆಸ್ಸೆಲ್ಸಿ ಮಕ್ಕಳ ಹೆಸರು ಸಂಜೆಯೊಳಗೆ ಪರೀಕ್ಷೆಗೆ ಕಳಿಸಬೇಕು, ಯಾದಿಯೆಲ್ಲ ಅದರ ಹೊಟ್ಟೆಯೊಳಗೆ. ಪೆನ್ ಡ್ರೈವಿನಿಂದ ಬೂಟ್ ಮಾಡಿ ಯಾದಿ ತೆಗೆದರಾಯಿತು, ಹತ್ತು ಮಿನಿಟಿನ ಕೆಲಸ ಅಂದುಕೊಂಡು ರಿಪೇರಿಗೆ ಹೋದೆ. ಸಿಪಿಯು ಡಬ್ಬಿ ಮೇಜಿನ ಕೆಳಗೆ ಕತ್ತಲೆಯಲ್ಲಿತ್ತು. ತಡವರಿಸಿ ಪೆನ್ ಡ್ರೈವ್ ತುರುಕಿದೆ.

ಒಂದು ತಾಸಾದರೂ ಬೂಟ್ ಮೆನುವಿನಲ್ಲಿ ಪೆನ್ ಡ್ರೈವಿನ ಹೆಸರೇ ಬರಲಿಲ್ಲ. ಸೆಟ್ಟಿಂಗ್ ಬದಲಿಸಿದೆ, ಇನ್ನೊಂದು ಪೆನ್ ಡ್ರೈವ್ ಹಾಕಿದೆ. ಬಾಜೂ ಕೂತಿದ್ದ ಗುಮಾಸ್ತ ಸಂಗಪ್ಪನವರು ಸ್ಕ್ರೀನ್ ಬಿಟ್ಟು ನನ್ನ ಮುಖ ನೋಡುತ್ತಿದ್ದರು.

"ಸರ, ನಿಮ್ಮ ಹಣಿ ಖಾಲಿ ಐತ್ರಿ. ಅದಕ್ಕ ಆಗವಲ್ದು."

"ಹಣಿಗೂ ಇದಕ್ಕೂ ಏನ್ ಸಂಬಂಧ್ರಿ?"

"ನಾವು ದಿನಾ ಇದಕ್ಕ ವಿಭೂತಿ ಹಚ್ಚೇ ಬಟನ್ ಒತ್ತತೇವ್ರಿ. ಇವತ್ತಿನ ತನಕ ಕೈ ಕೊಟ್ಟಿದ್ದಿಲ್ಲ."

ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಮೂರು ಬೆರಳಿನ ಪಟ್ಟೆ ಸರಿಯಾಗಿ ಯುಎಸ್‌ಬಿ ತೂತುಗಳ ಮೇಲೇ ಇತ್ತು. ಒಳಗೆ ವಿಭೂತಿ ಗಟ್ಟಿಯಾಗಿ ಕೂತಿತ್ತು.

ಬ್ರಷ್ಷಿನಿಂದ ಕೆರೆದೆ, ಊದಿದೆ, ಪೆನ್ ಡ್ರೈವ್ ಹಾಕಿ ಮತ್ತೆ ಬಟನ್ ಒತ್ತಿದೆ. ಬೆರಳ ತುಂಬ ವಿಭೂತಿ. ಸಂಗಪ್ಪನವರ ಎದುರಿಗೆ ಅದನ್ನು ಪ್ಯಾಂಟಿಗೆ ಒರೆಸಲು ಮನಸ್ಸಾಗದೆ ಹಣೆಗೆ ಎಳೆದುಕೊಂಡೆ. ಅದೇ ಹೊತ್ತಿಗೆ ಕಂಪ್ಯೂಟರ್ ಚಾಲೂ ಆಯಿತು. ಯಾದಿಯೂ ಸಿಕ್ಕಿತು.

ತೂತು ತುಂಬಿದ್ದೇ ಕಾರಣ ಅಂತ ಹೇಳಲು ತಿರುಗಿದರೆ, ಸಂಗಪ್ಪನವರು ಆಗಲೇ ಹೆಡ್ ಮಾಸ್ತರರ ಖೋಲಿಯಲ್ಲಿದ್ದರು.

"ಕಡಿಗೆ ಹಚ್ಕೊಂಡ್ರು ನೋಡ್ರಿ ಸರ. ಹಚ್ಕೊಳ್ಳೂದ ತಡ, ಚಾಲೂ ಆತು."