ಆಣೆಕಟ್ಟು ಒಡೆದವನ ವಕಾಲತ್ತು

ನ್ಯಾಯ ಯಾರ ಕಡೆಗಿದೆ ಎಂಬ ಪ್ರಶ್ನೆ ಮನುಕುಲವನ್ನು ಆದಿಯಿಂದಲೂ ಕಾಡುತ್ತ ಬಂದಿದೆ. ಅದರ ಬೆನ್ನು ಹತ್ತಿ ಅರಸರು ಕಿರೀಟ ಇಳಿಸಿದ್ದಾರೆ, ಋಷಿಗಳ ಮೈಮೇಲೆ ಹುತ್ತ ಬೆಳೆದಿದೆ. ನನಗೆ ಮಾತ್ರ ಅದು ಎದುರಾದದ್ದು ನವಲಗುಂದದಲ್ಲಿ, ತಂಗಿಯ ಮನೆಯ ಪಡಸಾಲೆಯಲ್ಲಿ, ಕೈಯಲ್ಲಿ ಮಿರ್ಚಿ ಭಜಿ ಇದ್ದಾಗ.

ನಾನು ನಿವೃತ್ತ ಹೆಡ್‌ಮಾಸ್ತರ. ಬಳಗದೊಳಗೆ ಸಂಬಂಧ ಕೂಡಿಸುವ ಕೆಲಸ ತಾನಾಗಿ ನನ್ನ ಕೊರಳಿಗೆ ಬಿದ್ದಿದೆ. ಅಂದು ತಂಗಿಯ ಮಗಳನ್ನು ನೋಡಲು ಹುಡುಗನ ಕಡೆಯವರು ಬಂದಿದ್ದರು. ಹುಡುಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹಿಂದೆ ಬಂದ ಹುಡುಗರೆಲ್ಲ 'ನಿಮ್ಮ ಹವ್ಯಾಸ ಏನ್ರಿ' ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಹಾ ಕುಡಿದು ಎದ್ದುಹೋಗಿದ್ದರು. ಈ ಹುಡುಗ ಕಲಘಟಗಿ ಕಡೆಯ ತಂಬೂರ ಎಂಬ ಊರಿನವನು, ಹಾಲಿನ ಡೇರಿಯಲ್ಲಿ ಕಾರಕೂನ. ಪದ್ಧತಿಯಂತೆ ಇಬ್ಬರನ್ನೂ ಹತ್ತು ನಿಮಿಷ ಮಾತಾಡಿಕೊಳ್ಳಲೆಂದು ಮಾಳಿಗೆಗೆ ಕಳಿಸಿದೆವು.

ಒಂದು ತಾಸು ಕಳೆಯಿತು. ಮೇಲಿನಿಂದ ದನಿ ಏರತೊಡಗಿತು. ಒಣಹಾಕಿದ್ದ ಮೆಣಸಿನಕಾಯಿ ತೆಗೆಯುವ ನೆಪ ಮಾಡಿ ತಂಗಿ ಮೇಲೆ ಹೋಗಿ ಬಂದಳು. ಬಂದವಳು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದಳು.

"ಅಣ್ಣಾ, ಯಾರೋ ಒಬ್ಬಾಂವ ಪೈಲಟ್ ಅದಾನ. ಮಂದಿ ಕೊಂದಾನಂತ. ಇಕಿ ಇನ್ನೂ ಅವನ ಪರವಾಗೇ ಮಾತಾಡ್ತಾಳ."

ವಿಮಾನದವರ ಜೊತೆಗಿನ ಇಂಥ ಪ್ರಕರಣ ನಮ್ಮ ಬಳಗದಲ್ಲಿ ಇದೇ ಮೊದಲಾದ್ದರಿಂದ ನಾನೂ ಕೊಂಚ ಬೆವೆತೆ. ವಿಚಾರಣೆ ನಡೆಸಿದಾಗ ತಿಳಿದದ್ದು: ಪೈಲಟ್ ಜಪಾನಿನವನು, ಅದೂ ಕಾರ್ಟೂನ್ ಧಾರಾವಾಹಿಯವನು. ಅವನು ಹಾರಿಸುವುದು ವಿಮಾನವನ್ನಲ್ಲ. ತೆಂಗಿನ ಮರದಷ್ಟು ಎತ್ತರದ ಕಬ್ಬಿಣದ ಆಳಿನ ಎದೆಯೊಳಗೆ ಕೂತು ಅದರ ಕೈಕಾಲು ಆಡಿಸುತ್ತಾನೆ. ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದು ಒಂದೇ ಧಾರಾವಾಹಿಯನ್ನು ಪೂರ್ತಿ ನೋಡಿದ್ದರು. ನೋಡಿದ ಮೇಲೆ ಹುಡುಗಿಗೆ ಅವನು ದೇವರು, ಹುಡುಗನಿಗೆ ಕೊಲೆಗಾರ.

ಕಥೆ ಹೀಗಿತ್ತು. ಮೇಲಿನ ದೇಶದವರು ಹೊಳೆಗೆ ಆಣೆಕಟ್ಟು ಕಟ್ಟಿದ್ದಾರೆ. ಕೆಳಗಿನ ದೇಶದ ಬಾವಿಗಳೆಲ್ಲ ಬತ್ತಿವೆ. ಕೆಳಗಿನ ದೇಶದ ಈ ಹುಡುಗ ಕಬ್ಬಿಣದ ಆಳನ್ನು ನಡೆಸಿಕೊಂಡು ಹೋಗಿ ಆಣೆಕಟ್ಟು ಒಡೆಯುತ್ತಾನೆ. ಅವನ ಜನಕ್ಕೆ ನೀರು ಬರುತ್ತದೆ. ಆಣೆಕಟ್ಟಿನ ಬುಡದಲ್ಲಿದ್ದ, ಮೇಲಿನ ದೇಶದವರದೇ ಒಂದು ಊರು ಮುಳುಗುತ್ತದೆ. ಹಿಂದೊಮ್ಮೆ ಗಾಯಗೊಂಡು ಬಿದ್ದಾಗ ಅವನನ್ನು ಎತ್ತಿ, ಉಣಿಸಿ, ಬದುಕಿಸಿದ್ದು ಅದೇ ಊರು.

ನೀರಿನ ಮಾತು ಬಂದರೆ ನವಲಗುಂದದಲ್ಲಿ ತೊಟ್ಟಿಲ ಕೂಸೂ ಎದ್ದು ಕೂರುತ್ತದೆ. ತಂಗಿ ಆ ಕ್ಷಣವೇ ಮಗಳ ಪಕ್ಷ ಸೇರಿದಳು. ಹುಡುಗನ ಅಪ್ಪ ಕೆರೆ, ಭತ್ತದ ಗದ್ದೆ ಇರುವ ಊರಿನ ಹಿರಿಯರು. ಕಟ್ಟಿದ್ದನ್ನು ಒಡೆಯುವುದೆಂದರೆ ಅವರಿಗೆ ಸಹಜವಾಗಿ ಸಂಕಟ. ಆದರೂ ಗಂಭೀರರಾಗಿ ಹೇಳಿದರು: "ನೋಡದ ಹೆಂಗ ಹೇಳೂದ್ರಿ ಮಾಸ್ತರ? ಕುಂತು ನೋಡೂಣು."

ಹೀಗೆ ಎರಡೂ ಮನೆಯ ಹಿರಿಯರು ನಾಲ್ಕು ರವಿವಾರ ಬೆಳಿಗ್ಗೆ ತಂಗಿಯ ಮನೆಯಲ್ಲಿ ಟಿವಿಯ ಮುಂದೆ ಕಲಾಪ ನಡೆಸಿದೆವು. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಹುಡುಗ-ಹುಡುಗಿ ಸರದಿಯ ಮೇಲೆ ಕನ್ನಡದಲ್ಲಿ ಹೇಳಬೇಕೆಂದು ಠರಾವಾಯಿತು. ಹುಡುಗನ ಸರದಿಯಲ್ಲಿ ಪೈಲಟ್ ಎಲ್ಲರಿಗೂ 'ಲೇ' ಅನ್ನುತ್ತಿದ್ದ. ಹುಡುಗಿಯ ಸರದಿ ಬಂದೊಡನೆ ಅದೇ ಪೈಲಟ್ ವೈರಿಗೂ 'ಸರಕೊಳ್ರಿ' ಎಂದು ವಿನಯದಿಂದ ಗುಂಡು ಹಾರಿಸುತ್ತಿದ್ದ.

ಎರಡನೆಯ ರವಿವಾರ ಪಕ್ಷಗಳು ಕೆಟ್ಟವು. ಪೈಲಟ್‌ಗೆ ಅಂಬಲಿ ಕುಡಿಸಿದ ಮುದುಕಿಯನ್ನು ನೋಡಿ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೇಲಿನ ದೇಶದ ಪಕ್ಷಕ್ಕೆ ಹೋದಳು. ಹುಡುಗನ ಅಪ್ಪ ಬಿರುಕುಬಿಟ್ಟ ಹೊಲವನ್ನು ನೋಡಿ, ಅಲ್ಲಿಯ ಎತ್ತುಗಳನ್ನು ನೋಡಿ, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಒಡಿ ಲೇ, ಒಡಿ" ಎಂದು ಸಣ್ಣಗೆ ಹೇಳತೊಡಗಿದರು. ಕಬ್ಬಿಣದ ಆಳು ಮೊಣಕಾಲೂರಿ ಎದ್ದಾಗಲೆಲ್ಲ ನಾವು ಮೂವರೂ ಕೂತಲ್ಲೇ ಒಂದು ಗೇಣು ಏಳುತ್ತಿದ್ದೆವು. ಮೂವರದೂ ಒಟ್ಟು ವಯಸ್ಸು ಇನ್ನೂರರ ಹತ್ತಿರ.

ನನ್ನ ಸ್ಥಿತಿ ಇನ್ನೂ ಶೋಚನೀಯ. ಸಂಬಂಧ ಕೂಡಿಸುವವನು ಪಕ್ಷ ಹಿಡಿಯಬಾರದು. ಆದರೆ ನಾನು ದಿನಕ್ಕೆರಡು ಸಲ ಹಿಡಿಯುತ್ತಿದ್ದೆ. ನಾನು ಓದಿದ, ಕಲಿಸಿದ ಕಥೆಗಳಲ್ಲಿ ಸೋಲಲಿಕ್ಕೆಂದೇ ಒಬ್ಬ ಇರುತ್ತಿದ್ದ, ಇಲ್ಲಿ ಹಾಗಿರಲಿಲ್ಲ. ಇವನದೇ ಸರಿ ಎಂದು ನಾನು ತೀರ್ಮಾನಿಸುವಷ್ಟರಲ್ಲಿ ಮುಂದಿನ ಕಂತು ಎದುರಿನವರ ಅಡುಗೆಮನೆಯಿಂದ ಶುರುವಾಗುತ್ತಿತ್ತು. ಅಲ್ಲಿಯೂ ಒಲೆ ಉರಿಯುತ್ತಿತ್ತು, ಅಲ್ಲಿಯೂ ಯಾರೋ ಯಾರಿಗಾಗಿಯೋ ಉಣ್ಣದೆ ಕಾಯುತ್ತಿದ್ದರು. ಗುರುವಾರದ ಹೊತ್ತಿಗೆ ತಡೆಯಲಾರದೆ ಅಣ್ಣಿಗೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಆ ಮುದುಕಿ ಬದುಕುತ್ತಾಳೋ ಇಲ್ಲವೋ ಎಂದು ಸೊಸೆಗೆ ಫೋನು ಮಾಡಿದೆ. ತಂಗಿಯ ಮಗಳು ನಮ್ಮಲ್ಲಿ ಸೊಸೆಯೇ. ಅವಳು ಹೇಳಲಿಲ್ಲ. ಬೇರೆ ಒಂದು ಮಾತು ಹೇಳಿದಳು.

"ಇಷ್ಟು ಮನಸಿಟ್ಟು ನನ್ನ ಜೋಡಿ ಜಗಳಾಡಿದವ್ರು ಇಲ್ಲೀತನಕ ಯಾರೂ ಸಿಕ್ಕಿಲ್ಲ ಮಾಮಾ. ನನಗ ಇವರ ಬೇಕು. ನೀವು ನಡುವ ಬಂದು ಕೆಡಿಸಬ್ಯಾಡ್ರಿ."

ಕೆಡಿಸುವ ಮಾತೆಲ್ಲಿ ಬಂತು, ಇಷ್ಟು ವರ್ಷದ ಅನುಭವ ಇದೆ ಎಂದು ಧೈರ್ಯ ಹೇಳಿದೆ.

ನಾಲ್ಕನೆಯ ರವಿವಾರ ಕೊನೆಯ ಕಂತು. ಅದಕ್ಕೆ ಮುನ್ನ ಹುಡುಗನನ್ನು ಬೈಕಿನ ಬಳಿ ಕರೆದು, ನಾನು ಪ್ರತಿ ಹುಡುಗನಿಗೂ ಕೊಡುತ್ತ ಬಂದ ಉಪದೇಶವನ್ನೇ ಕೊಟ್ಟೆ: ಈಗ ಹೂಂ ಅನ್ನು, ಉಳಿದದ್ದನ್ನು ಮದುವೆಯಾದ ಮೇಲೆ ನೋಡಿಕೊಂಡರಾಯಿತು. ಅವನು ಗೌರವದಿಂದ ತಲೆಯಾಡಿಸಿದ.

ಕಂತು ಮುಗಿಯಿತು. ತಂಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಹುಡುಗ ಸೊಸೆಯ ಕಡೆ ತಿರುಗಿ, "ನಿಮ್ದ ಖರೆ ಐತ್ರಿ. ಅಂವ ಮಾಡಿದ್ದು ಬರೋಬರಿ" ಎಂದ.

ಸೊಸೆ ರಿಮೋಟನ್ನು ಕೆಳಗಿಟ್ಟಳು. "ಯಾವ ಕಂತಿನ್ಯಾಗ ಖರೆ ಅನಿಸ್ತು ನಿಮಗ?"

ಉತ್ತರ ಗೊತ್ತಿಲ್ಲದ ವಿದ್ಯಾರ್ಥಿ ಬಾಜೂದವನನ್ನು ನೋಡುವಂತೆ ಅವನು ನನ್ನನ್ನು ನೋಡಿದ. ನಾನು ತೊಲೆ ನೋಡುತ್ತಿದ್ದೆ.

"ಮಾಮಾರು ಹೂಂ ಅನ್ನು ಅಂದ್ರು" ಎಂದ.

"ನಾಕು ವಾರ ಜಗಳಾಡಿ ಈಗ ಸುಮ್ಮನ ಹೂಂ ಅಂದ್ರ, ನಾಳೆ ಮನ್ಯಾಗ ನೀವು ಹೂಂ ಅಂದಾಗೆಲ್ಲ ನಾ ಏನ್ ತಿಳೀಬೇಕ್ರಿ? ಬ್ಯಾಡ ಬಿಡ್ರಿ ಇದು."

ಹುಡುಗನ ಅಪ್ಪ ಟೊಪ್ಪಿಗೆ ಹಾಕಿಕೊಂಡು ಎದ್ದರು. ತಂಗಿ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಇಷ್ಟು ವರ್ಷ ಕೂಡಿಸಿದ ಸಂಬಂಧಗಳನ್ನೆಲ್ಲ ಅಳಿಸಿಹಾಕಲು ಅದೊಂದೇ ನೋಟ ಸಾಕಾಗಿತ್ತು. ಹುಡುಗ ಹೊಸ್ತಿಲಾಚೆ ಕೂತು ಒಂದು ಬೂಟು ಹಾಕಿಕೊಂಡ. ಎರಡನೆಯದನ್ನು ಕೈಯಲ್ಲಿ ಹಿಡಿದು ಒಮ್ಮೆಲೇ ಒಳಕ್ಕೆ ತಿರುಗಿದ.

"ಅಂವ ಗುನ್ನೇಗಾರನ ರೀ. ಊರಾಗ ಮಂದಿ ಇನ್ನೂ ಅದಾರಂತ ಇಪ್ಪತ್ತನೇ ಕಂತಿನ್ಯಾಗ ಅವಗ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತಿದ. ನೀವು ಏನರ ಅನ್ರಿ, ಸಾಯೂತನಕ ನಾ ಇದನ್ನ ಅನ್ನಾಂವ."

ಸೊಸೆಯ ಮುಖ ಅರಳಿತು. "ಇಪ್ಪತ್ತಲ್ರೀ, ಇಪ್ಪತ್ತೊಂದು. ಒಳಗ ಬರ್ರಿ, ಹಾಕಿ ತೋರಸ್ತೀನಿ."

ಅವನು ಬೂಟು ಬಿಚ್ಚಿದ. ಅಪ್ಪ ಟೊಪ್ಪಿಗೆ ತೆಗೆದರು. ತಂಗಿ ಇನ್ನೊಂದು ಒಬ್ಬೆ ಭಜಿಗೆ ಎಣ್ಣೆ ಇಟ್ಟಳು. ಎಲ್ಲರೂ ಕೂತು ಮತ್ತೆ ನೋಡಿದೆವು.

ಅದು ಇಪ್ಪತ್ತನೆಯ ಕಂತೇ ಆಗಿತ್ತು. ಮುಂದಿನ ತಿಂಗಳು ನವಲಗುಂದದಲ್ಲಿ ನಿಶ್ಚಯವಾಯಿತು.